ಐದೂವರೆ ಬಸ್ಸಿಗೆ ಎರಡು ಟೈಮು

ನಮ್ಮ ಕಡೆ ಒಂದು ಕೆಲಸಕ್ಕೆ ಮೂರು ಜನ ಸೇರಿದರೆ ನಾಲ್ಕನೆಯದಾಗಿ ಒಂದು ಪ್ರಸಂಗ ತಾನಾಗಿಯೇ ಬಂದು ಪಕ್ಕದಲ್ಲಿ ಕೂರುತ್ತದೆ. ಯಾರೂ ಹೇಳಿ ಕಳಿಸಬೇಕಾಗಿಲ್ಲ. ಕಂಪ್ಯೂಟರ್ ಕೆಲಸಕ್ಕಾದರೂ ವಿನಾಯಿತಿ ಇರಬಹುದು ಅಂದುಕೊಂಡಿದ್ದೆ. ಇರಲಿಲ್ಲ.

ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಪ್ರೈವೇಟ್ ಬಸ್ಸುಗಳ ವೇಳೆಯನ್ನೆಲ್ಲ ಒಂದು ಕಡೆ ಸೇರಿಸಬೇಕು, ಫೋನಿನಲ್ಲಿ ಯಾರು ಬೇಕಾದರೂ ನೋಡಬೇಕು, ಯಾರು ಬೇಕಾದರೂ ತಿದ್ದಬೇಕು, ಯಾರು ಬೇಕಾದರೂ ಬಿಟ್ಟಿಯಾಗಿ ಒಯ್ಯಬೇಕು ಎಂದು ಹೊರಟೆ. ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೇರೆ ಏನೋ ಎನ್ನುತ್ತಾರೆ.

ಪ್ರೋಗ್ರಾಂ ಎರಡು ವಾರದಲ್ಲಿ ಆಯಿತು. ಬಸ್ಸಿನ ವೇಳೆ ಮಾತ್ರ ಎಲ್ಲೂ ಸಿಗಲಿಲ್ಲ. ಹಳ್ಳಿ ಬಸ್ಸುಗಳ ವೇಳೆ ಇದ್ದದ್ದು ಒಂದೇ ಕಡೆ: ಚಾಮರಾಜನಗರದ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಟೈಂ ಕೀಪರ್ ಆಗಿದ್ದ ಒಬ್ಬ ಯಜಮಾನರ ರಿಜಿಸ್ಟರಿನಲ್ಲಿ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೈಂಡು. ಕೆಲಸ ಬಿಟ್ಟು ವರ್ಷಗಳಾದರೂ ಅವರು ದಿನಾ ಬೆಳಗ್ಗೆ ಹರವೆಯಿಂದ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಬಸ್ಸುಗಳನ್ನು ನೋಡಿಕೊಂಡು ವಾಪಸ್ ಹೋಗುತ್ತಿದ್ದರು. ರಿಜಿಸ್ಟರು ಜೊತೆಗೇ ಬಂದು ಜೊತೆಗೇ ಹೋಗುತ್ತಿತ್ತು.

ಗುಂಡ್ಲುಪೇಟೆ ಕಡೆಯ ವೇಳೆಗೆ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ಸಿಕ್ಕರು. ಅಂಗಡಿಯ ಬಾಗಿಲಿಗೆ ಬಸ್ಸುಗಳೇ ಎದುರು. ಅಲ್ಲಿಗೆ ನಾವು ಮೂವರಾದೆವು. ನಾಲ್ಕನೆಯದು ಬಂದು ಕೂತಿತು.

ಷರತ್ತು

ಮೂರು ಜನ ಮೂರು ಕಡೆಯಿಂದ ಒಂದೇ ಪಟ್ಟಿಯನ್ನು ತಿದ್ದಬೇಕಾದರೆ, ಯಾರು ಏನನ್ನು ಯಾವಾಗ ಯಾಕೆ ತಿದ್ದಿದರು ಎಂದು ನೆನಪಿಡುವ ಒಂದು ವ್ಯವಸ್ಥೆ ಬೇಕು. ವರ್ಶನ್ ಕಂಟ್ರೋಲ್ ಎಂದು ಅದರ ಹೆಸರು. ಹಳೆಯ ಬಗೆಯಲ್ಲಿ ಮೂಲ ಪ್ರತಿ ಎಲ್ಲೋ ಒಂದು ಕಡೆ ಇರುತ್ತದೆ. ನೆಟ್ ಹೋದರೆ ಕೆಲಸವೂ ಹೋಯಿತು. ಹೊಸ ಬಗೆಯಲ್ಲಿ ಪ್ರತಿಯೊಬ್ಬರ ಬಳಿಯೂ ಇಡೀ ಪುಸ್ತಕ ಇರುತ್ತದೆ, ಅದರ ಚರಿತ್ರೆಯ ಸಮೇತ; ನೆಟ್ ಬಂದಾಗ ಸೇರಿಸಿಕೊಂಡರೆ ಆಯಿತು. ಗುಂಡ್ಲುಪೇಟೆಯ ಅಕ್ಕನ ಅಂಗಡಿಯಲ್ಲಿ ಕರೆಂಟಿನ ಜೊತೆ ನೆಟ್ಟೂ ಹೋಗುತ್ತಿತ್ತು. ಹಾಗಾಗಿ ಹೊಸ ಬಗೆಯೇ ಆಗಬೇಕಿತ್ತು. ಇದನ್ನು ಯಜಮಾನರಿಗೆ ಹೇಳಲು ಟೀ ಅಂಗಡಿಗೆ ಹೋದೆ.

"ಬುಕ್ ಕೊಟ್ಟೇನು ಮೇಡಮ್ಮೋರೆ. ಆದ್ರೆ ನನ್ ಬುಕ್ಕಿಗೆ ಬ್ಯಾರೆಯೋರು ಕೈ ಹಾಕ್ಬಾರ್ದು."

"ಹಾಕಿದರೂ ಯಾರು ಹಾಕಿದರು ಅಂತ ಗೊತ್ತಾಗುತ್ತದೆ ಯಜಮಾನ್ರೇ. ಬೇಡ ಅನಿಸಿದರೆ ಹಿಂದಿನದಕ್ಕೆ ಹೋಗಬಹುದು."

"ಬುಕ್ಕು ಯಾರತ್ರ ಇರ್ತದೆ?"

"ಎಲ್ಲರ ಹತ್ತಿರವೂ. ಮೊದಲ ಪುಟದಿಂದ ಕೊನೇ ಪುಟದ ತನಕ."

"ಅಂದ್ರೆ ಎಲ್ಲಾರೂ ಟೈಂ ಕೀಪರ್ರೇ."

"ಒಂಥರಾ ಹಾಗೇ."

ಅವರು ಟೀ ಲೋಟ ಬೆಂಚಿನ ಮೇಲಿಟ್ಟರು. ಆಮೇಲೆ ಷರತ್ತು ಹಾಕಿದರು. ಈ ಬಗೆಯವು ಎಷ್ಟಿವೆ? ಮುಖ್ಯವಾದವು ಎರಡು ಅಂದೆ, ಗಿಟ್ ಮತ್ತು ಮರ್ಕ್ಯುರಿಯಲ್. ಹಾಗಾದರೆ ಒಂದೊಂದು ತಿಂಗಳು ಎರಡನ್ನೂ ನೋಡೋಣ. "ಯಾವುದ್ನ ಇಟ್ಕಬೇಕು ಅಂತ ನಾನು ಯೋಳ್ತೀನಿ. ಎಲ್ಡೂ ಸರಿ ಬರ್ನಿಲ್ಲ ಅಂದ್ರೆ ಬುಕ್ಕು ನಂಗೆ ವಾಪಸ್. ನೀವು ಬರ್ಕಂಡಿರದೆಲ್ಲ ಅಳಿಸ್ಬುಡ್ಬೇಕು."

ಒಮ್ಮೆ ಬರೆದದ್ದನ್ನು ಅಳಿಸಲಾಗದು ಎಂಬುದೇ ಈ ವ್ಯವಸ್ಥೆಯ ಹೆಚ್ಚುಗಾರಿಕೆ. ಅದನ್ನು ಹೇಳಿದರೆ ರಿಜಿಸ್ಟರು ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಹರವೆ, ಉಮ್ಮತ್ತೂರು, ಚಂದಕವಾಡಿ ಯಾವ ಬಸ್ಸೂ ನಮ್ಮ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ.

ಎದ್ದು ಹೊರಟವಳನ್ನು ಅವರು ಮತ್ತೆ ಕರೆದರು. "ಎಲ್ಲಾರೂ ಟೈಂ ಕೀಪರ್ರು ಅಂದ್ರಲ್ಲ ಮೇಡಮ್ಮೋರೆ, ಬಸ್ಸು ಹತ್ತೋನು ಯಾರು?"

ಪಂಡಿತರ ಸಲಹೆ

ಮೊದಲ ತಿಂಗಳು ಯಾವುದನ್ನು ಹಿಡಿಯಬೇಕು ಎಂದು ತಿಳಿದವರನ್ನು ಕೇಳೋಣ ಎಂದು ಇಂಟರ್ನೆಟ್ಟಿನ ಒಂದು ಚರ್ಚಾ ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ತಪ್ಪು ನನ್ನದೇ.

ಒಬ್ಬರು ವೇಗದ ಬಗ್ಗೆ ಬರೆದರು. ಇನ್ನೊಬ್ಬರು ಅದು ವೇಗವೇ ಅಲ್ಲ ಎಂದು ಬರೆದರು. ಮೂರನೆಯವರು ಇಬ್ಬರಿಗೂ ಬುದ್ಧಿ ಹೇಳಿದರು. ಜಗಳ ಮೂರು ದಿನ ನಡೆಯಿತು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಒಬ್ಬರು ಬಹಳ ಸೌಜನ್ಯದಿಂದ, "ನಿಮ್ಮ ಪಟ್ಟಿಯಲ್ಲಿ ಒಟ್ಟು ಎಷ್ಟು ಸಾಲುಗಳಿವೆ?" ಎಂದು ಕೇಳಿದರು. ಕೊನೆಗೂ ಒಬ್ಬ ವಿವೇಕಿ ಸಿಕ್ಕರು ಎಂದು, "ಸುಮಾರು ನೂರನಲವತ್ತು" ಅಂದೆ.

"ಅಷ್ಟಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ಲು ಸಾಕಲ್ಲ?"

ನಾನು ಈ ವಿಷಯದಲ್ಲಿ ಸ್ನಾತಕೋತ್ತರ ಪದವೀಧರೆ. ಚರ್ಚೆಯ ಪುಟ ಮುಚ್ಚಿ ಗಿಟ್ ಹಾಕಿದೆ.

ಲಗ್ನಪತ್ರಿಕೆಯ ಪ್ರೂಫು

ಗುಂಡ್ಲುಪೇಟೆಯ ಅಕ್ಕನಿಗೆ ಇದನ್ನೆಲ್ಲ ಹೇಗಪ್ಪಾ ಅರ್ಥ ಮಾಡಿಸುವುದು ಎಂದು ಹದಿನೆಂಟು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಆಕೆ ಒಂದು ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದರು. ಕೈ ನಿಲ್ಲಿಸದೆ "ಯೋಳಿ ಮೇಡಂ" ಅಂದರು. ಇಬ್ಬರು ಬೇರೆ ಬೇರೆ ಕೂತು ಒಂದೇ ಪಟ್ಟಿಯನ್ನು ತಿದ್ದಿದರೆ ಎರಡನ್ನೂ ಸೇರಿಸುವ ಕ್ರಮ ಹೇಗೆ ಎಂದು ಶುರು ಮಾಡಿದೆ. ಎರಡನೆಯ ಸ್ಲೈಡಿನಲ್ಲಿ ತಡೆದರು.

"ಇದು ಪ್ರೂಫ್ ನೋಡ್ದಂಗೆ ಕಣಿ ಮೇಡಂ. ಗಂಡಿನ ಕಡೆಯೋರು ಒಂದ್ ತಿದ್ಕಂಡು ಬತ್ತಾರೆ, ಎಣ್ಣಿನ ಕಡೆಯೋರು ಒಂದ್ ತಿದ್ಕಂಡು ಬತ್ತಾರೆ. ಇವ್ರು ಮುಟ್ಟಿರ ಸಾಲು ಅವ್ರು ಮುಟ್ಟಿಲ್ಲ ಅಂದ್ರೆ ತಾಪತ್ರಯ ಇಲ್ಲ, ಎಲ್ಡೂ ಸೇರ್ಸ್ಬುಡದು. ಇಬ್ರೂ ಒಂದೇ ಸಾಲ್ಗೆ ಕೈ ಹಾಕವ್ರೆ ಅಂದ್ರೆ ಮಾತ್ರ ಫೋನ್ ಮಾಡಿ ಕೇಳ್ಬೇಕು."

ನನ್ನ ಪಠ್ಯಪುಸ್ತಕ ಇದನ್ನು ನಲವತ್ತು ಪುಟಗಳಲ್ಲಿ ಹೇಳುತ್ತದೆ. ಇಷ್ಟು ಚೆನ್ನಾಗಿ ಹೇಳುವುದಿಲ್ಲ.

"ಯಾವ ಸಾಲಿಗೆ ಇಬ್ಬರೂ ಕೈ ಹಾಕುತ್ತಾರೆ?" ಎಂದು ಸುಮ್ಮನೆ ಕೇಳಿದೆ.

"ಸುಖಾಗಮನ ಬಯಸುವವರು. ಯಾವ ಸ್ವಾದರಮಾವನ ಎಸ್ರು ಮ್ಯಾಲೆ ಬರ್ಬೇಕು ಅಂತ. ಗಂಡು ಎಣ್ಣಿನ ಎಸ್ರು ಎಂಗಿದ್ರೂ ನಡೀತದೆ."

ಮಿಕ್ಕ ಹದಿನಾರು ಸ್ಲೈಡುಗಳನ್ನು ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಆಕೆ ಗಿಟ್ ಕಲಿತಾಗಿತ್ತು. ಹೊರಡುವಾಗ ಕೇಳಿದರು: "ನಾನು ಎಣ್ಣಿನ ಕಡೆ ಅನ್ಕಳಿ. ಗಂಡಿನ ಕಡೆಯೋರು ಯಾರು?"

"ಟೈಂ ಕೀಪರ್ ಯಜಮಾನರು."

"ಓ, ಆ ಅಣ್ಣನಾ. ಹಂಗಾರೆ ಪ್ರೂಫು ನಾಕ್ ಸಲ ತಗೀಬೇಕಾಯ್ತದೆ."

ವಿಷಯ ಮತ್ತು ಉಲ್ಲೇಖ

ಪಟ್ಟಿಯಲ್ಲಿ ಏನು ತಿದ್ದಿದರೂ, ಯಾಕೆ ತಿದ್ದಿದೆ ಎಂದು ಒಂದು ಸಾಲು ಬರೆಯಬೇಕು. ಅದಿಲ್ಲದೆ ಗಿಟ್ ಒಪ್ಪುವುದಿಲ್ಲ. ಸಾಲು ಚಿಕ್ಕದಾಗಿರಬೇಕು ಎಂದು ದೊಡ್ಡವರ ಅಭಿಪ್ರಾಯ. ನನ್ನ ವಿದ್ಯಾರ್ಥಿಗಳು "ಬದಲಾವಣೆ" ಎಂದು ಬರೆಯುತ್ತಾರೆ. ಮಾರನೆಯ ದಿನ "ಮತ್ತೆ ಬದಲಾವಣೆ".

ಯಜಮಾನರು ಕಾಲೇಜಿನ ಲ್ಯಾಬಿಗೆ ಬಂದು, ಒಂದೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತರು. ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅವರೇ ಒಂದೊಂದು ಬಸ್ಸನ್ನೂ ಏರಿಸಿದರು. "ಯಾಕೆ ಅಂತ ಒಂದು ಮಾತು ಬರೀರಿ ಯಜಮಾನ್ರೇ" ಅಂದಿದ್ದೆ. ಒಂದು ಗಂಟೆಯ ನಂತರ ಹೋಗಿ ನೋಡಿದರೆ, ಪರದೆಯ ಮೇಲೆ ಇದಿತ್ತು:

"ಗೆ, ಸಂಬಂಧಪಟ್ಟವರಿಗೆ. ವಿಷಯ: ಉಮ್ಮತ್ತೂರು ಬಸ್ಸು ಬೆಳಗ್ಗೆ 7-40ರ ಬದಲು 7-45ಕ್ಕೆ ಹೊರಡುವ ಬಗ್ಗೆ. ಉಲ್ಲೇಖ: ದಿನಾ ನೋಡುತ್ತಿರುವುದು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಡ್ರೈವರಿಗೆ ಮಗುವಾಗಿದೆ. ಐದು ನಿಮಿಷ ಬಿಡುವುದು. ತಮ್ಮ ವಿಶ್ವಾಸಿ."

ಎರಡನೆಯದು ಸ್ವಲ್ಪ ಚಿಕ್ಕದು. "ವಿಷಯ: ಚಂದಕವಾಡಿ ಬಸ್ಸು ಶನಿವಾರ ಇಲ್ಲದಿರುವ ಬಗ್ಗೆ. ಉಲ್ಲೇಖ: ಕ್ಲೀನರ್ ಹೇಳಿದ್ದು. ನಂಬಬಹುದು."

ಇಷ್ಟುದ್ದ ಬೇಡ ಎಂದು ಹೇಳಲು ಬಾಯಿ ತೆರೆದೆ. ಹದಿನೈದು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಯಾಕೆ ಎಂಬ ಪ್ರಶ್ನೆಗೆ ಯಾರಾದರೂ ನಿಜವಾಗಿ ಉತ್ತರ ಬರೆದದ್ದು ಅದೇ ಮೊದಲು. ಬಾಯಿ ಮುಚ್ಚಿದೆ.

ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕೆಂದು ನಾವು ನಿಯಮ ಮಾಡಿಕೊಂಡಿದ್ದೆವು. ಉಮ್ಮತ್ತೂರಿನ ಪತ್ರ ಗುಂಡ್ಲುಪೇಟೆಗೆ ಹೋಯಿತು. ಐದು ನಿಮಿಷ ಬಿಡುವ ಬಗ್ಗೆ ಅಕ್ಕನ ಒಪ್ಪಿಗೆ ಸಂಜೆ ಬಂತು. ಒಂದೇ ಪದ:

"ಬುಟ್ಟೆ."

ಐದೂವರೆ

ಮೊದಲ ತಿಂಗಳು ಮುಗಿಯಲು ಮೂರು ದಿನ ಇರುವಾಗ ಅಕ್ಕ ಫೋನ್ ಮಾಡಿದರು. "ಮೇಡಂ, ಇಬ್ರೂ ಒಂದೇ ಸಾಲ್ಗೆ ಕೈ ಹಾಕ್ಬುಟ್ಟೊ."

ಗುಂಡ್ಲುಪೇಟೆಯಿಂದ ಹರವೆ ಕಡೆ ಹೋಗುವ ಸಂಜೆಯ ಬಸ್ಸು. ರಿಜಿಸ್ಟರಿನಲ್ಲಿ ಐದೂವರೆ. ಅಕ್ಕ ದಿನಾ ಕಣ್ಣಾರೆ ನೋಡುವ ಪ್ರಕಾರ ಅದು ಹೊರಡುವುದು ಐದೂ ಐವತ್ತಕ್ಕೆ. ಆಕೆ ತಿದ್ದಿದ್ದರು. ಅದೇ ಹೊತ್ತಿಗೆ ಯಜಮಾನರು ಅದೇ ಸಾಲನ್ನು ಇನ್ನೊಮ್ಮೆ ಐದೂವರೆ ಎಂದೇ ಬರೆದು, ಪಕ್ಕದಲ್ಲಿ "ಖಾಯಂ" ಎಂದು ಸೇರಿಸಿದ್ದರು. ಎರಡು ಕೈಗಳು ಒಂದೇ ಕಡೆ. ಗಿಟ್ ತಾನು ತೀರ್ಮಾನ ಮಾಡುವುದಿಲ್ಲ ಎಂದು ಸುಮ್ಮನಾಗಿತ್ತು.

ಮಾರನೆಯ ದಿನ ಟೀ ಅಂಗಡಿಯ ಬೆಂಚು ಖಾಲಿ. ಅದರ ಮಾರನೆಯ ದಿನವೂ ಖಾಲಿ. ನಾನು ಹರವೆ ಬಸ್ಸು ಹತ್ತಿದೆ.

ಯಜಮಾನರು ಜಗಲಿಯ ಮೇಲಿದ್ದರು. ರಿಜಿಸ್ಟರು ಪಕ್ಕದಲ್ಲಿ, ಒಂದು ದಾರದಿಂದ ಕಟ್ಟಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಅಕ್ಕ ಬರೆದದ್ದು ಸುಳ್ಳಾ ಯಜಮಾನ್ರೇ?"

"ಸುಳ್ಳಲ್ಲ ಕಣವ್ವ, ನಿಜ. ಅದ್ಕೇ ಬ್ಯಾಡ ಅಂದದ್ದು."

ಆಮೇಲೆ ಹೇಳಿದರು. ಹರವೆಯ ಹೆಣ್ಣಾಳುಗಳು ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಚೆಂಡು ಹೂ ಕೀಳಲು ಹೋಗುತ್ತಾರೆ. ಹೂವೆಲ್ಲ ತೂಕ ಹಾಕಿಸಿ, ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಐದೂ ಮುಕ್ಕಾಲು ದಾಟುತ್ತದೆ. ಹರವೆ ಕಡೆಗೆ ಅದೇ ಕೊನೆಯ ಬಸ್ಸು. ಅದರ ಹಿಂದೆ ಹೊರಡುವ ಆರು ಗಂಟೆ ಬಸ್ಸು ಈ ಕಡೆ ತಿರುಗುವುದಿಲ್ಲ. ಹಾಗಾಗಿ ಬಹಳ ವರ್ಷದ ಹಿಂದೆ ಇವರೇ ಡ್ರೈವರಿಗೆ, "ಹೂವಿನೋರು ಬರಗಂಟ ನಿಂತ್ಕಲಾ" ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಡ್ರೈವರುಗಳು ಬದಲಾದರು. ಮಾತು ಬದಲಾಗಲಿಲ್ಲ. ಪರ್ಮಿಟ್ಟಿನಲ್ಲಿ ಮಾತ್ರ ಐದೂವರೆ. ಹತ್ತೇ ನಿಮಿಷ ಮುಂದೆ ಹೋಗಿ ತಮ್ಮ ಪ್ಯಾಸೆಂಜರುಗಳನ್ನು ಎತ್ತಿಕೊಳ್ಳುತ್ತದೆ ಎಂದು ಆರು ಗಂಟೆ ಬಸ್ಸಿನವರು ಅರ್ಜಿ ಕೊಟ್ಟರೆ, ಇದು ಐದೂವರೆಗೇ ಹೊರಡಬೇಕು.

"ಅವರು ದಿನಾ ನೋಡುತ್ತಲೇ ಇದ್ದಾರಲ್ಲ?"

"ನೋಡದು ಬ್ಯಾರೆ, ಬರೆಯದು ಬ್ಯಾರೆ. ನೋಡ್ದೋನು ಸುಮ್ಕಿರ್ಬೋದು. ಬರ್ದುಬುಟ್ರೆ ಸುಮ್ಕಿರಕ್ಕಾಗಲ್ಲ. ಹೆಣ್ ಮಕ್ಳು ರಸ್ತೇಲಿ ನಿಂತ್ಕತವೆ."

ನಾನು ಓದಿದವಳು. ಸತ್ಯವನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಎಂದು ನಂಬಿದವಳು.

"ಅಳಿಸ್ಬುಡಿ ಮೇಡಮ್ಮೋರೆ. ಮಾತು ಕೊಟ್ಟಿದ್ರಲ್ಲ."

ಅಲ್ಲಿ ಒಪ್ಪಿಕೊಳ್ಳಬೇಕಾಯಿತು. ಅಳಿಸಲು ಬರುವುದಿಲ್ಲ, ಎಲ್ಲರ ಹತ್ತಿರವೂ ಎಲ್ಲ ಇದೆ, ಅದು ಮೊದಲಿನಿಂದಲೂ ನನಗೆ ಗೊತ್ತಿತ್ತು ಎಂದೆ.

"ಮತ್ತೆ ಅವತ್ತು ಯಾಕ ತಲೆ ಆಡ್ಸುದ್ರಿ?"

"ಬುಕ್ಕು ಬೇಕಾಗಿತ್ತು."

ಅವರು ಬೈಯುತ್ತಾರೆ ಅಂದುಕೊಂಡೆ. ಒಳಗೆ ತಿರುಗಿ, "ಒಂದ್ ಲೋಟ ಕಾಪಿ ತಕ್ಕಬಾ ಕಣಮ್ಮಿ" ಎಂದು ಮಗಳಿಗೆ ಕೂಗಿ, ನನಗೆ ಹೇಳಿದರು: "ಮೂವತ್ ವರ್ಸ ಡ್ರೈವರ್ಗಳು ನನ್ ಮುಂದೆ ಹಿಂಗೇ ತಲೆ ಆಡ್ಸವ್ರೆ. ನೀವು ಓದಿರೋರು ಅನ್ಕಂಡಿದ್ದೆ."

ಕಂಬದ ಮೇಲಿನ ಹಾಳೆ

ಏನಾದರೂ ದಾರಿ ಹುಡುಕೋಣ ಎಂದು ಮಾರನೆಯ ದಿನ ಸಂಜೆ ಯಜಮಾನರನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಅವತ್ತು ಶನಿವಾರ ಎಂಬುದು ನನಗೆ ಮರೆತಿತ್ತು.

ಅಕ್ಕ ಪ್ರತಿ ಶನಿವಾರ ಪಟ್ಟಿಯನ್ನು ಪ್ರಿಂಟ್ ತೆಗೆದು, ಸ್ಟ್ಯಾಂಡಿನ ಕಂಬಕ್ಕೆ ಅಂಟಿಸುತ್ತಿದ್ದರು. ಅವತ್ತು ಅಂಗಡಿಯಲ್ಲಿ ಎರಡು ಮದುವೆಯವರು ಪ್ರೂಫು ಹಿಡಿದು ಕೂತಿದ್ದರು. ಆಕೆ ತಿರುಗಿಯೂ ನೋಡದೆ ಪ್ರಿಂಟ್ ಒತ್ತಿ ಅಂಟಿಸಿಬಿಟ್ಟಿದ್ದರು. ಇಬ್ಬರು ಒಂದೇ ಸಾಲಿಗೆ ಕೈ ಹಾಕಿದಾಗ ಗಿಟ್ ಎರಡನ್ನೂ ಬಿಟ್ಟು, ನಡುವೆ ತನ್ನ ಗುರುತು ಹಾಕಿಡುತ್ತದೆ, ಮನುಷ್ಯರು ನೋಡಿ ತೀರ್ಮಾನ ಮಾಡಲಿ ಎಂದು. ನಾವು ತೀರ್ಮಾನ ಮಾಡಿರಲಿಲ್ಲ. ಹಾಗಾಗಿ ಹರವೆ ಬಸ್ಸಿನ ಮುಂದೆ ಕಂಬದ ಮೇಲೆ ಹೀಗಿತ್ತು:

<<<<<<<
5-30 ಖಾಯಂ
=======
5-50
>>>>>>>

ಬಾಣಗಳ ಪಕ್ಕ ಒಂದೆರಡು ಇಂಗ್ಲಿಷ್ ಪದಗಳೂ ಇದ್ದವು. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹರಿದು ಹಾಕೋಣ ಎಂದು ಕೈ ಚಾಚಿದೆ. ಕಂಬದ ಸುತ್ತ ಹೂವಿನ ಹೆಂಗಸರು ನಿಂತಿದ್ದರು, ಸೆರಗಿನ ಮೇಲೆಲ್ಲ ಹಳದಿ ಎಸಳು. ಅವರಲ್ಲಿ ಓದು ಬರುವ ಒಬ್ಬಾಕೆ ಬೆರಳಿಟ್ಟು ಮಿಕ್ಕವರಿಗೆ ವಿವರಿಸುತ್ತಿದ್ದಳು.

"ನೋಡ್ರವ್ವ, ಬಾಣ ಈ ಕಡೀಕದೆ. ಅಂದ್ರೆ ಐದೂವರ್ಗೆ ಬಸ್ಸು ಬತ್ತದೆ. ಆಮೇಕೆ ಎಲ್ಡು ಗೆರೆ ಎಳ್ದವ್ರೆ. ಅಂದ್ರೆ ನಮ್ಗೋಸ್ಕರ ನಿಂತ್ಕತದೆ. ಐದೂ ಐವತ್ತರ ಕೆಳ್ಗೆ ಬಾಣ ಆ ಕಡೀಕದೆ. ಓಯ್ತದೆ."

"ಯಾರವ್ವಾ ಇಷ್ಟು ಚೆಂದಾಗಿ ಬರ್ದೋರು?" ಅಂದಳು ಇನ್ನೊಬ್ಬಳು.

ಅಷ್ಟರಲ್ಲಿ ಆರು ಗಂಟೆ ಬಸ್ಸಿನ ಏಜೆಂಟು ಬಂದ. ಯಜಮಾನರು ನನ್ನ ಪಕ್ಕದಲ್ಲಿ ರಿಜಿಸ್ಟರನ್ನು ಕಂಕುಳಿಗೆ ಒತ್ತಿಕೊಂಡರು. ಅವನು ಹಾಳೆಯನ್ನು ಮೇಲಿಂದ ಕೆಳಗೆ ಓದಿದ.

"ಐದೂವರೆ ಖಾಯಂ. ಸರ್ಯಾಗದೆ. ಇದೇನು ಕೆಳ್ಗೆ ಐದೂ ಐವತ್ತು?"

ಓದು ಬರುವಾಕೆ ಅಂದಳು: "ಅದು ಬಾಣದೊಳ್ಗದೆ ಕಣಣ್ಣ. ನಿಮ್ಗಲ್ಲ, ನಮ್ಗೆ."

ಅವನು ಹೆಂಗಸರನ್ನು ನೋಡಿದ. ಯಜಮಾನರನ್ನು ನೋಡಿದ. ಮತ್ತೊಮ್ಮೆ ಹಾಳೆ ನೋಡಿದ. "ಮೇಲೆ ಐದೂವರೆ ಅಂತ ಅದಲ್ಲ, ಅಷ್ಟು ಸಾಕು" ಎಂದು ತನ್ನ ಬಸ್ಸಿನ ಕಡೆ ಕೂಗುತ್ತಾ ಹೋದ.

ಐದೂ ಐವತ್ತಕ್ಕೆ ಬಸ್ಸು ಹೊರಟಿತು. ಯಜಮಾನರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕಂಬದ ಹತ್ತಿರ ಹೋಗಿ ನಿಂತರು.

"ಮೂವತ್ ವರ್ಸದಲ್ಲಿ ಇಷ್ಟು ಸರ್ಯಾಗಿ ಒಂದ್ ಬೋರ್ಡೂ ನಾನು ಬರ್ದಿಲ್ಲ. ಇದ್ನ ಮಾಡಿದ್ದು ಯಾವ್ದು?"

"ಗಿಟ್."

"ಅದ್ನೇ ಇಟ್ಕಳಿ. ಇನ್ನೊಂದ್ನ ನೋಡದೇ ಬ್ಯಾಡ."

ಮರ್ಕ್ಯುರಿಯಲ್ ಕೂಡ ಇಂಥ ಕಡೆ ಇದೇ ಬಾಣಗಳನ್ನು ಹಾಕುತ್ತದೆ. ನಾನು ಸುಮ್ಮನೆ ತಲೆಯಾಡಿಸಿದೆ.

ಹೀಗೆ ನಮ್ಮ ಆಯ್ಕೆ ಮುಗಿಯಿತು. ಚರ್ಚಾ ಗುಂಪಿನವರಿಗೆ ಕಾರಣ ತಿಳಿಸಲಿಲ್ಲ. ವಾಪಸ್ ಬರುವಾಗ ಚಾಮರಾಜನಗರದ ಬಸ್ಸಿನಲ್ಲಿ ಯಜಮಾನರು, ಆ ಬಾಣ ಬೇಕಾದಾಗ ಹಾಕಿಸಿಕೊಳ್ಳುವುದು ಹೇಗೆ ಎಂದು ಕೇಳಿದರು. ಅದು ಕೇಳಿದರೆ ಬರುವುದಿಲ್ಲ, ಇಬ್ಬರು ಒಂದೇ ಸಾಲಿಗೆ ಜಗಳವಾಡಿದರೆ ಮಾತ್ರ ಬರುತ್ತದೆ ಎಂದು ಹೇಳಿದೆ. ಅವರು ರಿಜಿಸ್ಟರಿನ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಸೋಮವಾರ ಲ್ಯಾಬಿನಲ್ಲಿ ಅವರ ಹೊಸ ಪತ್ರ ಕಂಡಿತು.

"ಗೆ, ಗುಂಡ್ಲುಪೇಟೆಯ ಸಂಬಂಧಪಟ್ಟ ಅಮ್ಮನವರಿಗೆ. ವಿಷಯ: ಉಮ್ಮತ್ತೂರು ಬಸ್ಸಿಗೂ ಬಾಣ ಒದಗಿಸುವ ಬಗ್ಗೆ. ಉಲ್ಲೇಖ: ಕಂಬ. ಮಾನ್ಯರೇ, ಸದರಿ ಡ್ರೈವರನ ಮಗು ರಾತ್ರಿಯೆಲ್ಲಾ ಮಲಗುತ್ತಿಲ್ಲವಾದ್ದರಿಂದ ಇನ್ನೂ ಐದು ನಿಮಿಷ ಅವಶ್ಯವಿರುತ್ತದೆ. ಆದ ಕಾರಣ ತಾವು ದಯಮಾಡಿ ಈ ಸಾಲಿನಲ್ಲಿ ನನ್ನೊಡನೆ ಜಗಳವಾಡಿ ಸಹಕರಿಸಬೇಕಾಗಿ ಕೋರುತ್ತೇನೆ. ತಮ್ಮ ವಿಶ್ವಾಸಿ."

ಅದರ ಕೆಳಗೆ ಗುಂಡ್ಲುಪೇಟೆಯಿಂದ ಉತ್ತರ ಆಗಲೇ ಬಂದಿತ್ತು.

"ಆಡ್ಬುಟ್ಟೆ."